ನರಕಕ್ಕಿಳಿದ ಪಾತಾಳಗರಡಿ

ಕೆಂಚಾರ್ಲಹಳ್ಳಿಯ ಮಂಗಮ್ಮನ ಮುತ್ತಾತ ದೊಡ್ಡ ಮುನಿಶಾಮಪ್ಪ ಸುತ್ತಲ ಏಳು ಊರಿಗೆ ಹನ್ನೊಂದು ಬಾವಿ ತೋಡಿದವನು. ಹಿಡಿ ಮಣ್ಣು ಮೂಸಿ ನೋಡಿ 'ಇಲ್ಲಿ ನೀರೈತೆ' ಎಂದರೆ ನೀರು ಇದ್ದೇ ಇರುತ್ತಿತ್ತು. ಹನ್ನೆರಡನೆಯ ಬಾವಿಯಲ್ಲಿ ಬಂಡೆ ಸಿಕ್ಕಿತಂತೆ. ಅದನ್ನು ಆ ಮನೆಯವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವನ ಮಗ ಮುನಿಗಂಗಪ್ಪ ಬಾವಿ ತೋಡಲಿಲ್ಲ, ಬಾವಿ ನುಂಗಿದ್ದನ್ನು ಕಕ್ಕಿಸಿದ. ಮುರಿದ ಗಾಡಿಯ ಅಚ್ಚನ್ನು ಹೆಗಲ ಮೇಲೆ ಹೊತ್ತು ಕುಲುಮೆಗೆ ಹೋಗಿ, ಮೂರು ದಿನ ಕಮ್ಮಾರನ ಎದುರು ಅಲ್ಲಾಡದೆ ಕೂತು, ದಪ್ಪ ಬಳೆಯೊಂದಕ್ಕೆ ಒಂಬತ್ತು ಕೊಕ್ಕೆ ಜೋತುಬಿದ್ದ ಪಾತಾಳಗರಡಿ ಮಾಡಿಸಿಕೊಂಡು ಬಂದ. ಹಗ್ಗ ಕಡಿದು ಕೊಡ ಬಾವಿಗೆ ಬಿತ್ತೋ, ಈ ಕಬ್ಬಿಣವನ್ನು ಇನ್ನೊಂದು ಹಗ್ಗಕ್ಕೆ ಕಟ್ಟಿ ಇಳಿಬಿಡುವುದು, ತಳದ ಕೆಸರಿನಲ್ಲಿ ಮೆಲ್ಲಗೆ ಆಡಿಸುವುದು, ಕೊಕ್ಕೆಗೆ ತಗುಲಿದ್ದನ್ನು ಮೇಲಕ್ಕೆ ಸೇದುವುದು. ಊರಿಗೆಲ್ಲ ಅದೊಂದೇ. ಕೇಳಿ ಒಯ್ಯುವವರು ತಮ್ಮ ಮನೆಯ ಚೊಂಬೊಂದನ್ನು ಇಟ್ಟು ಹೋಗಬೇಕು, ತಂದುಕೊಟ್ಟು ಬಿಡಿಸಿಕೊಂಡು ಹೋಗಬೇಕು. ಬೇಸಿಗೆಯಲ್ಲಿ ಆ ಮನೆಯ ಪಡಸಾಲೆ ನೋಡಿದರೆ ಪಾತ್ರೆ ಅಂಗಡಿಯ ಹಾಗೆ ಇರುತ್ತಿತ್ತು.

ಮುನಿಗಂಗಪ್ಪನ ಇನ್ನೊಂದು ಗಳಿಕೆ ಕಾವ್ಯ. ಪುರಾಣ ಓದುವ ಅಯ್ಯನವರೊಬ್ಬರು ಊರಿಗೆ ಬಂದು ಶ್ರಾವಣವಿಡೀ ನಿಂತಿದ್ದರು. ಅವರ ತಾಮ್ರದ ಗಿಂಡಿ ಬಾವಿಗೆ ಬಿತ್ತು. ಗಿಂಡಿ ಎತ್ತಿಕೊಡಲು ಹೋದವನು ಕಾವ್ಯ ಕೇಳುತ್ತಾ ಅಲ್ಲೇ ಕೂತ, ತಿಂಗಳು ಕಳೆಯುವ ಹೊತ್ತಿಗೆ ಪೂರಾ ಬಾಯಿಗೆ ಬಂದಿತ್ತು. ಹೊರಡುವಾಗ ಅಯ್ಯನವರು ತಾಳೆಗರಿಯ ಕಟ್ಟನ್ನೂ ಅವನ ಕೈಗೇ ಕೊಟ್ಟು ಹೋದರು. ಐನೂರು ವರ್ಷದ ಹಿಂದಿನ ಕಾವ್ಯವೆಂದು ಹೇಳಿಕೆ. ಬರೆದವನ ಹೆಸರು ಮಾತ್ರ ಗೊತ್ತಿಲ್ಲ, ಮೊದಲ ಗರಿಯ ಜೊತೆ ಅದನ್ನೂ ಹುಳ ತಿಂದಿತ್ತು. ಮುನಿಗಂಗಪ್ಪನ ಮಗ ವೆಂಕಟರವಣಪ್ಪ ಆ ಕಾವ್ಯದ ನರಕದ ಸಂಧಿಯನ್ನು ಸಾವಾದ ಮನೆಗಳಲ್ಲಿ ಹನ್ನೊಂದನೆಯ ದಿನ ಹಾಡುವ ರೂಢಿ ಹಾಕಿದ. ಗಂಡುಮಕ್ಕಳಿಲ್ಲದ ವೆಂಕಟರವಣಪ್ಪ ಕೊಕ್ಕೆಯನ್ನೂ ಹಾಡನ್ನೂ ಮಗಳು ಮಂಗಮ್ಮನಿಗೆ ಕೊಟ್ಟ. 'ಹೆಂಗಸು ತಿಥಿಮನೇಲಿ ಕೂತು ಹಾಡೋದಾ?' ಎಂದು ಮೂಗು ಮುರಿದವರ ಮನೆಗಳಲ್ಲೂ ಆಮೇಲೆ ಸಾವಾಯಿತು. ಅವರೂ ಬಂದು ಕರೆದರು.

ಸಾವಿನ ಮನೆಯಲ್ಲಿ ನರಕದ ಹಾಡೇಕೆ ಎಂದು ಹೊಸಬರು ಕೇಳುವುದುಂಟು. ಹಾಡು ಕೇಳಿದವರಿಗೇ ಅದು ಗೊತ್ತು. ಆ ಕವಿ ನರಕವನ್ನು ಕಣ್ಣಿಗೆ ಕಟ್ಟುವ ಹಾಗೆ ಬರೆದಿದ್ದ. ನೆರೆಯವನ ಕಾಲುವೆ ಕಡಿದವನಿಗೆ ತೀರದ ಬಾಯಾರಿಕೆ. ಚಾಡಿ ಹೇಳಿದವನ ನಾಲಿಗೆಯನ್ನು ಹೊಲದಂತೆ ಹರಡಿ ಎತ್ತು ಕಟ್ಟಿ ಉಳುತ್ತಾರೆ. ಉಣ್ಣಲು ಬಂದವನನ್ನು ಬಾಗಿಲಿಂದ ಓಡಿಸಿದವನ ಮುಂದೆ ಎಲೆ ಹಾಕುತ್ತಾರೆ, ಬಡಿಸುವುದಿಲ್ಲ. ಕೂತವರು ಒಬ್ಬೊಬ್ಬರೂ ತಮ್ಮ ತಮ್ಮ ಪಾಪಕ್ಕೆ ತಲೆ ತಗ್ಗಿಸುವಷ್ಟರಲ್ಲಿ ಸಂಧಿಯ ಕೊನೆ ಬರುತ್ತದೆ. ಕವಿ ಅಲ್ಲಿ ನರಕವನ್ನು ಬಾವಿ ಮಾಡುತ್ತಾನೆ, ದೇವರನ್ನು ತಂದು ಆ ಬಾವಿಯ ಕಟ್ಟೆಯ ಮೇಲೆ ನಿಲ್ಲಿಸುತ್ತಾನೆ.

ಪಾತಾಳಗರಡಿಯ ಬಿಟ್ಟು ಸೇದಿದನೊಡೆಯ
ಪಾತಕದೊಳು ಬಿದ್ದವರನು;
ಬೆರಳ ಬುಡದೊಳೆದ್ದ ಬೊಕ್ಕೆಯ ನೋಡದೆ
ಇರುಳು ಹಗಲು ಹಗ್ಗ ಬಿಡನು.

ಮಂಗಮ್ಮ ಈ ನಾಲ್ಕು ಸಾಲನ್ನು ಮೂರು ಸಲ ಹಾಡುತ್ತಿದ್ದಳು. ಮೊದಲ ಸಲ ಹೆಂಗಸರು ಗೊಳೋ ಎಂದು ಅಳುವರು, ಎರಡನೆಯ ಸಲ ಮೂಗು ಒರೆಸಿಕೊಳ್ಳುವರು, ಮೂರನೆಯ ಸಲ ಯಾರಾದರೊಬ್ಬರು ಎದ್ದು 'ಎಲೆ ಹಾಕ್ರಪ್ಪಾ' ಎನ್ನುವರು. ಅಲ್ಲಿಗೆ ಸೂತಕ ನಿಜವಾಗಿ ಕಳೆದಂತೆ. ಚಿಂತಾಮಣಿ ಸೀಮೆಯಲ್ಲೇ ಅಲ್ಲ, ಶಿಡ್ಲಘಟ್ಟದ ಕಡೆಯ ಊರುಗಳಿಂದಲೂ ಅವಳಿಗೆ ಕರೆ ಬರುತ್ತಿತ್ತು. ಮೂವತ್ತು ವರ್ಷ ಹೀಗೆ ನಡೆಯಿತು.

ಎರಡು ಸಾವಿರದ ಐದರಲ್ಲಿ ಊರಿನ ವೆಂಕಟರಾಯಪ್ಪ ತೀರಿಕೊಂಡ. ಒಳ್ಳೆಯ ಕೆಲಸಗಾರ, ಕುಡಿದರೆ ಕೆಟ್ಟವನು, ಕುಡಿಯದ ದಿನ ಕಡಿಮೆ. ಐದನೆಯ ದಿನ ಮಂಗಮ್ಮ ಮಾತಾಡಿಸಿಕೊಂಡು ಬರಲು ಹೋದಾಗ ಗೌರಿಬಿದನೂರಿನಲ್ಲಿ ಸ್ಕೂಲ್ ಮೇಷ್ಟ್ರಾಗಿದ್ದ ಅಳಿಯ ಬೀರೇಶ್ ಬಾಗಿಲಲ್ಲೇ ಎದುರಾದ. ಕೈಯಲ್ಲಿ ನೀಲಿ ರಟ್ಟಿನ ಪುಸ್ತಕ.

"ಕೂತ್ಕಳಿ ಅಮ್ಮ. ಬೇಜಾರು ಮಾಡ್ಕೋಬೇಡಿ. ಹನ್ನೊಂದರ ದಿನ ನಿಮ್ಮ ಹಾಡು ಬೇಡ."

"ಯಾಕಪ್ಪ? ನಿಮ್ಮತ್ತೇನೇ ಹೇಳಿ ಕಳಿಸಿದ್ಲಲ್ಲ."

"ಅತ್ತೆಗೆ ಅರ್ಥ ಗೊತ್ತಿರಲಿಲ್ಲ. ಈಗ ನಿಮ್ಮ ಕಾವ್ಯ ಪುಸ್ತಕ ಆಗೈತೆ, ಅರ್ಥ ಸಮೇತ. ಕೇಳಿ." ಬೀರೇಶ್ ಬೆರಳಿಟ್ಟು ಓದಿದ. "'ಪಾತಾಳಗರಡಿಯೊಳಿಟ್ಟು ಸದೆದನೊಡೆಯ ಪಾತಕದೊಳು ಬಿದ್ದವರನು.' ಅಂದರೆ, ಪಾತಾಳದಲ್ಲಿ ಒಂದು ಗರಡಿಮನೆ ಐತೆ, ಕುಸ್ತಿ ಮಾಡೋ ಮನೆ. ಅದರೊಳಗೆ ಹಾಕಿಕೊಂಡು ದೇವರು ಪಾಪಿಗಳನ್ನ ಸದೆಬಡಿದ. ಬಡಿದೂ ಬಡಿದೂ ಕೈಯೆಲ್ಲ ಬೊಕ್ಕೆ ಎದ್ದರೂ ಬಿಡಲಿಲ್ಲ. ನಮ್ಮ ಮಾವ ಕುಡೀತಿದ್ದ, ಇಲ್ಲ ಅನ್ನಲ್ಲ. ಅದಕ್ಕೆ ಅವರ ಫೋಟೋ ಮುಂದೇನೇ 'ನೋಡವ್ವಾ, ನಿನ್ನ ಗಂಡನಿಗೆ ದೇವರು ಪಟ್ಟು ಹಾಕಿ ಬಾರಿಸ್ತಾವನೆ' ಅಂತ ಹಾಡಿಸಬೇಕಾ?"

"ಅದು ಹಂಗಲ್ಲ ಕಣಪ್ಪ. ಬಿಟ್ಟು ಸೇದಿದ..."

"ಅಮ್ಮ, ಇದನ್ನ ಓದಿ ಅರ್ಥ ಬರೆದಿರೋರು ಕಾಲೇಜ್ ಮೇಷ್ಟ್ರು. ನೀವು ಎಷ್ಟನೇ ಕ್ಲಾಸು?"

"ಎರಡು."

"ಮತ್ತೆ?"

ಒಳಗಿನ ಕತ್ತಲಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ ರಾಧಾಮಣಿ, ಸತ್ತವನ ಹೆಂಡತಿ, ತಿರುಗಿ ನೋಡಿದಳು. "ಮಂಗಕ್ಕಾ, ಹೊಡೀತಾನಾ? ನಿಜ ಹೇಳು. ಈವಯ್ಯ ಬದುಕಿದ್ದಾಗಲೂ ಎಲ್ಲರ ಕೈಲೂ ಹೊಡೆಸ್ಕೊಂಡ. ಅಲ್ಲೂ ಹೊಡೀತಾರಾ?"

ಮಂಗಮ್ಮನಿಗೆ ಉತ್ತರ ಗೊತ್ತಿತ್ತು. ಆದರೆ ಅಚ್ಚಾದ ಪುಸ್ತಕದ ಎದುರು ಬಾಯಿಮಾತು ಗಾಳಿಗೆ ತೂರಿದ ಹೊಟ್ಟು.

ಪುಸ್ತಕವನ್ನು ಕೇಳಿಕೊಂಡು ಮನೆಗೆ ತಂದು ಕಟ್ಟೆಯ ಮೇಲೆ ಕೂತು, ಅಕ್ಷರಕ್ಕೊಂದು ಬೆರಳಿಟ್ಟು ಓದಿದಳು. ಹೌದು, ಹಾಗೆಯೇ ಇತ್ತು. ಅಪ್ಪನೇ ಸಾಯುವ ಮುಂಚೆ ಗರಿಯ ಕಟ್ಟನ್ನು ಚಿಂತಾಮಣಿಯ ಕಾಲೇಜೊಂದರ ಕನ್ನಡ ಮೇಷ್ಟ್ರು ವೆಂಕಟೇಶರಿಗೆ ಒಪ್ಪಿಸಿದ್ದ, 'ಹುಳದ ಬಾಯಿಂದ ಉಳಿಸಿ' ಎಂದು. ಅವರು ಉಳಿಸಿದ್ದರು, ಮೊದಲ ಪುಟದಲ್ಲಿ ಅಪ್ಪನ ಹೆಸರು ಹಾಕಿ ವಂದನೆಯನ್ನೂ ಹೇಳಿದ್ದರು. ಅಷ್ಟು ಮರ್ಯಾದಸ್ತರು ತಪ್ಪು ಬರೆದಾರೆಯೇ? ಹಾಗಾದರೆ ತಾತನ ಕಿವಿ ತಪ್ಪಿ ಕೇಳಿಸಿಕೊಂಡಿತ್ತೆ? ಮೂವತ್ತು ವರ್ಷ, ಅಳುವ ಹೆಂಗಸರ ಮುಂದೆ ಕೂತು ತಾನು ಹಾಡಿದ್ದು ಸುಳ್ಳೆ? ಹನ್ನೊಂದಕ್ಕೆ ಇನ್ನು ಆರು ದಿನ. ಅಷ್ಟರೊಳಗೆ ಇದು ಇತ್ಯರ್ಥವಾಗದಿದ್ದರೆ ಈ ಮನೆಯಲ್ಲೇ ಅಲ್ಲ, ಯಾವ ಮನೆಯಲ್ಲೂ ಬಾಯಿ ತೆರೆಯುವ ಹಾಗಿಲ್ಲ.

ಮಾರನೆಯ ಬೆಳಿಗ್ಗೆ ಅಟ್ಟದ ಮೇಲಿಂದ ಕಬ್ಬಿಣ ಇಳಿಸಿ, ಗೋಣಿಚೀಲದಲ್ಲಿ ಸುತ್ತಿ, ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿ ಬಸ್ಸು ಹತ್ತಿದಳು. ಬೋರ್‌ವೆಲ್ಲು ಬಂದ ಮೇಲೆ ಅದನ್ನು ಕೇಳಿಕೊಂಡು ಬಂದವರಿಲ್ಲ. ಚೀಲದಿಂದ ಕೊಕ್ಕೆಯೊಂದು ಇಣುಕಿ ಕಂಡಕ್ಟರನ ಪ್ಯಾಂಟಿಗೆ ಸಿಕ್ಕಿಕೊಂಡಿತು. ಅವನು ತೆಲುಗಿನಲ್ಲಿ ಕೇಳಿದ.

"ಏಮಮ್ಮಾ ಇದಿ? ಯುದ್ಧಾನಿಕಿ ಪೋತಾವಾ?"

"ಹೂಂ ಕಣಪ್ಪ, ಯುದ್ಧಕ್ಕೇ. ಚಿಂತಾಮಣಿಗೆ ಒಂದು ಕೊಡು."

ವೆಂಕಟೇಶ್ ಮೇಷ್ಟ್ರು ಅಂದು ಎಂ.ಎ. ಹುಡುಗರಿಗೆ ಅದೇ ಪಾಠ ಮಾಡುತ್ತಿದ್ದರು, ಹಳೆಯ ಕಾವ್ಯಗಳಲ್ಲಿ ದೇವರು ಮತ್ತು ನರಕ. ಬಾಗಿಲಲ್ಲಿ ನಿಂತ ಮುದುಕಿಯನ್ನು ಗುರುತು ಹಿಡಿದು ಒಳಗೆ ಕರೆದರು, ಕುರ್ಚಿ ಹಾಕಿಸಿದರು. ವೆಂಕಟರವಣಪ್ಪನವರ ಮಗಳು ಎಂದು ಹುಡುಗರಿಗೆ ಪರಿಚಯ ಹೇಳಿದರು. ಒಳ್ಳೆಯ ಮನುಷ್ಯ. ತಪ್ಪು ಮಾಡುವವರೆಲ್ಲ ಕೆಟ್ಟವರಾಗಿದ್ದರೆ ಲೋಕದ ಜಗಳಗಳು ಎಷ್ಟೋ ಸುಲಭವಾಗುತ್ತಿದ್ದವು.

ಮಂಗಮ್ಮ ವಿಷಯ ಹೇಳಿದಳು. ಮೇಷ್ಟ್ರು ಶಾಂತವಾಗಿ ಕೇಳಿಸಿಕೊಂಡರು.

"ನೋಡಿ ಅಮ್ಮ, ಆ ಕಾಲದ ಕವಿಗಳಿಗೆ ದೇವರು ಅಂದರೆ ರಾಜ. ರಾಜ ಅಂದ ಮೇಲೆ ದಂಡನೆ ಇರಲೇಬೇಕು. ಅರಮನೆಗೆ ಗರಡಿಮನೆ ಇದ್ದ ಹಾಗೆ ಪಾತಾಳಕ್ಕೂ ಒಂದು ಗರಡಿಮನೆ. ಬಹಳ ಚೆನ್ನಾದ ಕಲ್ಪನೆ ಅದು."

"ಕಲ್ಪನೆ ನಿಮ್ಮದು ಸ್ವಾಮಿ. ಗರೀಲಿ ಏನಿತ್ತು ಅದನ್ನ ಹೇಳಿ."

ಹುಡುಗರು ಕಿಸಕ್ಕನೆ ನಕ್ಕರು. ಮೇಷ್ಟ್ರು ನಗಲಿಲ್ಲ. "ಗರೀಲಿ 'ಗರಡಿಯ ಬಿಟ್ಟು' ಅಂತ ಇತ್ತು, ನಿಜ. ಆದರೆ ದೇವರು ಗರಡಿಮನೆ ಬಿಟ್ಟು ಎಲ್ಲಿಗೆ ಹೋದ? ಅರ್ಥ ಕೂಡಲ್ಲ. ಬರೆದವನ ಕೈತಪ್ಪು ಅಂತ 'ಗರಡಿಯೊಳಿಟ್ಟು' ಮಾಡಿದೆ. ಮುಂದಿನದು 'ಸೆದಿದ' ಅಂತಿತ್ತು. ಅಂಥ ಮಾತೇ ಕನ್ನಡದಲ್ಲಿ ಇಲ್ಲ. 'ಸದೆದ' ಅಂತ ತಿದ್ದಿದೆ."

"ಸೆದಿದ ಅಲ್ಲ, ಸೇದಿದ."

ಮೇಷ್ಟ್ರ ಹುಬ್ಬು ಒಂದಿಷ್ಟು ಮೇಲೆ ಹೋಯಿತು. ಮುಂದಿನ ಬೆಂಚಿನಲ್ಲಿದ್ದ ತನುಜ ಎಂಬ ಹುಡುಗಿ ಕೈ ಎತ್ತಿದಳು. "ಸರ್, ಹಳೇ ಗರಿಗಳಲ್ಲಿ ಎತ್ವಕ್ಕೆ ದೀರ್ಘ ಬರೀತಿರಲಿಲ್ಲ ಅಂತ ಹೋದ ವಾರ ನೀವೇ ಹೇಳಿದ್ರಿ."

"ಹೇಳಿದ್ದೆ. ಆದರೆ ಗರಡಿಮನೆಯಲ್ಲಿ ಸೇದೋದು ಏನನ್ನ?"

ಮಂಗಮ್ಮ ಎದ್ದಳು. ಗೋಣಿ ಬಿಚ್ಚಿ, ಒಂಬತ್ತು ಕೊಕ್ಕೆಯ ಕಬ್ಬಿಣವನ್ನು ಮೇಜಿನ ಮೇಲೆ ಧಡ್ಡೆಂದು ಇಟ್ಟಳು. ಹಾಜರಿ ಪುಸ್ತಕ ನೆಗೆದು ಬಿತ್ತು.

"ಇದರ ಹೆಸರು ಹೇಳ್ರಪ್ಪ ಯಾರಾದರೂ."

"ಅಜ್ಜಿ, ಮಟನ್ ಅಂಗಡಿ ಹಾಕಿದ್ಯಾ?" ಎಂದ ಹಿಂದಿನ ಬೆಂಚಿನ ಜಗನ್. ಇನ್ನೊಬ್ಬ ಲಂಗರು ಎಂದ. ಕೋಣೆಯೆಲ್ಲ ನಗೆ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಚಿಕ್ಕಬಳ್ಳಾಪುರದ ಪೇಟೆಯಲ್ಲಿ ನಲ್ಲಿ ನೀರು ಕುಡಿದು ಬೆಳೆದವರು, ಅವರಿಗೂ ಗೊತ್ತಾಗಲಿಲ್ಲ. ಅಷ್ಟರಲ್ಲಿ ಪೇಪರು ಹಂಚಲು ಬಂದ ಜವಾನ ಮುನಿನಾರಾಯಣಪ್ಪ, ಪೆರೇಸಂದ್ರದ ಕಡೆಯವನು, ಮೇಜಿನ ಮುಂದೆ ನಿಂತುಬಿಟ್ಟ. ಮುಖ ಅರಳಿತು.

"ಅಯ್ಯೋ ನಿಮ್ಮ! ಪಾತಾಳಗರಡಿ! ನೋಡಿ ಎಷ್ಟು ವರ್ಷ ಆಗಿತ್ತು!"

ನಗೆ ಥಟ್ಟನೆ ನಿಂತಿತು.

"ಏನಂದ್ರಿ?" ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟಿದ್ದರು.

"ಪಾತಾಳಗರಡಿ ಸಾರ್. ಬಾವಿಗೆ ಬಿಡೋದು. ನಮ್ಮೂರಲ್ಲಿ ಗೌಡರ ಮನೇಲಿ ಒಂದಿತ್ತು. ಇಸ್ಕೊಂಡು ಬರೋಕೆ ಹೋದರೆ ಚೊಂಬು ಇಟ್ಟು ಹೋಗು ಅನ್ನೋರು."

ಮೇಷ್ಟ್ರು ಆ ಕಬ್ಬಿಣವನ್ನು ಮುಟ್ಟಿ ನೋಡಿದರು. ಆದರೂ ಓದಿದ ಮನಸ್ಸು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. "ಹೆಸರು ಇದೇ ಇರಬಹುದಮ್ಮ. ಆದರೆ ಕವಿ ದೇವರ ಕೈಗೆ ಚಕ್ರ ಕೊಟ್ಟಾನು, ತ್ರಿಶೂಲ ಕೊಟ್ಟಾನು. ಈ ತುಕ್ಕು ಹಿಡಿದದ್ದನ್ನ ಕೊಡ್ತಾನಾ?"

"ಇಲ್ಲಿ ಬಾವಿ ಐತಾ?" ಎಂದಳು ಮಂಗಮ್ಮ.

ಹಾಸ್ಟೆಲಿನ ಹಿಂದೆ ಹಳೆಯ ಸೇದುಬಾವಿಯಿತ್ತು. ಆ ವರ್ಷ ಮಳೆ ಮನಸ್ಸು ಬಿಚ್ಚಿ ಸುರಿದು, ಎಷ್ಟೋ ಕಾಲದಿಂದ ಒಣಗಿ ಬಾಯ್ಬಿಟ್ಟಿದ್ದ ಬಾವಿಗೆ ಅರ್ಧದವರೆಗೆ ನೀರು ಬಂದಿತ್ತು. ಬಂದ ಖುಷಿಗೆ ನೀರು ಸೇದಲು ಹೋಗಿ ಅಡುಗೆಯವರು ತಮ್ಮ ದೊಡ್ಡ ತಾಮ್ರದ ಬಿಂದಿಗೆಯನ್ನು ಆಯುಧಪೂಜೆಯ ದಿನವೇ ಅದಕ್ಕೆ ಒಪ್ಪಿಸಿದ್ದರು. ಕ್ಲಾಸಿಗೆ ಕ್ಲಾಸೇ ಅಲ್ಲಿಗೆ ಹೋಯಿತು.

ಮಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಟ್ಟೆ ಹತ್ತಿದಳು. ಕಬ್ಬಿಣ ಇಳಿಯಿತು, ನೀರು ಮುಟ್ಟಿತು, ಮುಳುಗಿತು. ಕಣ್ಣು ಮುಚ್ಚಿ ಹಗ್ಗವನ್ನು ಆಡಿಸಿದಳು. ಇಲ್ಲಿ ನೋಡುವುದು ಕಣ್ಣಲ್ಲ, ಬೆರಳು. ತಳದಲ್ಲಿ ಏನೋ ಟಣಕ್ಕೆಂದದ್ದು ಹಗ್ಗದೊಳಗಿಂದ ಅಂಗೈಗೆ ಬಂತು. ಎಳೆದಳು. ಭಾರವಾಯಿತು, ಮೂರಾಳು ಮೇಲೆ ಬಂತು, ಜಾರಿ ದುಡುಂ ಎಂದು ಬಿತ್ತು. "ಹೋಯ್ತಲ್ಲಜ್ಜಿ!" ಎಂದು ಜಗನ್ ಕೂಗಿದ. ಅವಳು ತಿರುಗಿ ನೋಡಲಿಲ್ಲ. ಮತ್ತೆ ಬಿಟ್ಟಳು. ಬಿಡುವಾಗ ಬಾಯಿ ತಾನೇ ತೆರೆದುಕೊಂಡಿತು. 'ಪಾತಾಳಗರಡಿಯ ಬಿಟ್ಟು' ಎಂಬಲ್ಲಿ ಹಗ್ಗ ಕೆಳಗೆ ಹೋಯಿತು, ರಾಗ ಅಲ್ಲೇ ನಿಂತು ಆಡಿತು, 'ಸೇದಿದನೊಡೆಯ' ಎಂಬಲ್ಲಿ ತೋಳು ಮೇಲೆ ಬಂತು. ಬಿಡುವುದಕ್ಕೆ ಒಂದು ಉಸಿರು, ಸೇದುವುದಕ್ಕೆ ಒಂದು ಉಸಿರು. ಮೂರನೆಯ ಎಳೆತಕ್ಕೆ ಕೆಸರು ಮೆತ್ತಿದ ಬಿಂದಿಗೆ, ಕಂಠಕ್ಕೆ ಕೊಕ್ಕೆ ಸಿಕ್ಕಿಸಿಕೊಂಡು, ನೀರು ಸುರಿಸುತ್ತಾ ಬಿಸಿಲಿಗೆ ಬಂತು. ಹುಡುಗರು ಹಾಕಿದ ಕೇಕೆಗೆ ಹಾಸ್ಟೆಲಿನ ಪಾರಿವಾಳಗಳೆಲ್ಲ ಎದ್ದವು.

ಮಂಗಮ್ಮ ಎರಡು ಅಂಗೈಯನ್ನೂ ಮೇಷ್ಟ್ರ ಮುಂದೆ ಹಿಡಿದಳು. ಬೆರಳುಗಳ ಬುಡದಲ್ಲಿ ಸಾಲಾಗಿ ಕೆಂಪಗೆ ಬೊಕ್ಕೆ ಎದ್ದಿದ್ದವು.

"ಗುದ್ದಿದೋನಿಗೆ ಗೆಣ್ಣು ಊದುತ್ತೆ ಸ್ವಾಮಿ. ಬೆರಳ ಬುಡದಲ್ಲಿ ಬೊಕ್ಕೆ ಏಳೋದು ಹಗ್ಗ ಹಿಡಿದೋನಿಗೆ. ನಿಮ್ಮ ಕವಿ ಬೊಕ್ಕೆ ಎಲ್ಲಿ ಎದ್ದವು ಅಂತ ಬರೆದವನೆ, ಓದಿ."

ಮೇಷ್ಟ್ರು ಒಳಗೆ ಹೋಗಿ ಗರಿಯ ಫೋಟೋ ತಂದು ಬಿಸಿಲಿಗೆ ಹಿಡಿದು ನೋಡಿದರು. ಬಾಯೊಳಗೇ 'ಬಿಟ್ಟು... ಸೇದಿದ...' ಎಂದುಕೊಂಡರು. ಆಮೇಲೆ ಹುಡುಗರ ಕಡೆಗೆ ತಿರುಗಿದರು. "ಬರ್ಕೊಳ್ಳಿ. ಗರಿ ಸರಿಯಾಗೇ ಇತ್ತು. ತಪ್ಪಿದ್ದು ನಾನು. ನರಕದ ಮೇಲೆ ಸಿಂಹಾಸನ ಹಾಕಿಕೊಂಡು ಕೂತ ದೇವರನ್ನ ಬಹಳ ಕವಿಗಳು ಬರೆದಿದ್ದಾರೆ. ಈ ಹೆಸರಿಲ್ಲದ ಮಹಾನುಭಾವ ದೇವರನ್ನ ಕಟ್ಟೆಗೆ ಕರೆತಂದು ಕೈಗೆ ಹಗ್ಗ ಕೊಟ್ಟಿದ್ದಾನೆ. ನಾನು ಆ ಹಗ್ಗ ಕಿತ್ಕೊಂಡು ಲಂಗೋಟಿ ಕಟ್ಟಿಸಿದೆ."

ಹುಡುಗರ ಜೊತೆ ಮಂಗಮ್ಮನೂ ನಕ್ಕಳು. ಹಿಂದಿನ ದಿನದಿಂದ ಸೇರದಿದ್ದ ಅನ್ನ ಈಗ ಅವಳಿಗೆ ರುಚಿಸಿತು. ಹಾಸ್ಟೆಲಿನವರು ಕೂರಿಸಿ ಎರಡು ಸಲ ಬಡಿಸಿದರು.

ಹನ್ನೊಂದನೆಯ ದಿನ ವೆಂಕಟರಾಯಪ್ಪನ ಮನೆಯ ಚಪ್ಪರದಡಿ ಎಂದೂ ಸೇರದಷ್ಟು ಜನ ಸೇರಿದ್ದರು. ಮುದುಕಿ ಕಾಲೇಜು ಮೇಷ್ಟ್ರಿಗೆ ಬಾವಿ ತೋರಿಸಿದಳಂತೆ ಎಂಬ ಸುದ್ದಿ ಮುನಿನಾರಾಯಣಪ್ಪನ ಬಾಯಿಂದ ಬಸ್ಸು ಹತ್ತಿ, ಮುದ್ದೇನಹಳ್ಳಿಯವರೆಗೂ ಹೋಗಿತ್ತು. ವೆಂಕಟೇಶ್ ಮೇಷ್ಟ್ರು ತಾವೇ ಬಂದಿದ್ದರು. ಬೀರೇಶನ ಕೈಯ ನೀಲಿ ಪುಸ್ತಕ ಇಸಿದುಕೊಂಡು, ಆ ಸಾಲಿನ ಮೇಲೆ ಪೆನ್ನಿನಲ್ಲಿ ಗೀಟು ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಹಾಕಿ, ಎಲ್ಲರ ಎದುರಿಗೆ ಓದಿ ಹೇಳಿದರು. ಬೀರೇಶ್ ಬಂದು ಮಂಗಮ್ಮನ ಕಾಲು ಮುಟ್ಟಿದ.

"ತಪ್ಪಾಯ್ತಮ್ಮ. ಎಷ್ಟನೇ ಕ್ಲಾಸು ಅಂತ ಕೇಳಿಬಿಟ್ಟೆ."

"ಕೇಳಿದ್ದರಲ್ಲಿ ತಪ್ಪೇನಪ್ಪ? ಎರಡು ಅಂದೆ. ಸೇದಿದ ಬಾವಿ ಎಷ್ಟು ಅಂತ ನೀನು ಕೇಳಲಿಲ್ಲ. ಎದ್ದೇಳು, ನಿಮ್ಮತ್ತೇನ ಕರ್ಕೊಂಡು ಬಂದು ಮುಂದೆ ಕೂರಿಸು."

ರಾಧಾಮಣಿ ಬಂದು ಕೂತಳು, ಈ ಸಲ ಗೋಡೆಗೆ ಬೆನ್ನು ಮಾಡಿ. ಮಂಗಮ್ಮ ಹಾಡಿದಳು. ಬಾಯಾರಿಕೆಯ ನರಕ ಬಂತು, ನಾಲಿಗೆ ಉಳುವ ನರಕ ಬಂತು. ಕುಡಿದು ಹೆಂಡತಿಯನ್ನು ಅಳಿಸಿದವನ ನರಕವೂ ಬಂತು. ಅದನ್ನವಳು ಬಿಡಲಿಲ್ಲ, ಮೆತ್ತಗೂ ಮಾಡಲಿಲ್ಲ. ರಾಧಾಮಣಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅವಳ ಮುಖವನ್ನೇ ನೋಡುತ್ತಿದ್ದಳು. ಇನ್ನು ಆ ನಾಲ್ಕು ಸಾಲು ಬರಬೇಕು. ಅಲ್ಲಿಗೆ ಮಂಗಮ್ಮ ಕೆಮ್ಮಿದಳು, ನೀರು ಕುಡಿದಳು, ಮತ್ತೆ ಕೆಮ್ಮು. ಪಕ್ಕದಲ್ಲಿ ಕೂತಿದ್ದ ಮೇಷ್ಟ್ರು ಮೆಲ್ಲಗೆ ಬಾಗಿ, ತಿದ್ದಿದ ಪುಟ ತೆರೆದು, "ಅಮ್ಮ, ನಿಮಗೆ ಆಯಾಸ ಆಗಿದೆ. ಇದಿಷ್ಟು ನಾನು ಓದಿಬಿಡ್ತೀನಿ" ಎಂದರು.

ಮಂಗಮ್ಮ ಅವರ ಕೈಯ ಪುಸ್ತಕವನ್ನು ಮುಚ್ಚಿ, ವೆಂಕಟರಾಯಪ್ಪನ ಫೋಟೋ ಕಡೆ ನೋಡಿದಳು.

"ಬ್ಯಾಡಿ ಸ್ವಾಮಿ. ಒಂದು ಹಗ್ಗಕ್ಕೆ ಇಬ್ಬರು ಕೈ ಹಾಕಿದರೆ ಕೊಡ ಗೋಡೆಗೆ ಬಡಿಯುತ್ತೆ. ಅರ್ಧ ಬಂದವನೆ ಈವಯ್ಯ. ನೀವು ಅತ್ಲಾಗೆ ಸರಿದು ಕೂತ್ಕಳಿ, ಮಿಕ್ಕಿದ್ದು ನಾನೇ ಸೇದ್ಕತೀನಿ."